ಬ್ರೇಕ್ ಮೇಷ್ಟ್ರ ಎದೆಯಲ್ಲಿರುವ ಧೂಳು ಯಾರದು?

ಕಾರ್ಮಿಕ ಕಲ್ಯಾಣ ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ರುಜು ಇರುವ ಎರಡು ಪತ್ರಗಳು ಒಂದೇ ವಾರದಲ್ಲಿ ನನ್ನ ಭಾವನ ಮನೆಗೆ ಬಂದಿವೆ. ಸೋಮವಾರ ಬಂದದ್ದು ಆರೋಗ್ಯ ಕಾರ್ಡ್ ವಿಭಾಗದ್ದು. ಭಾವನ ಶ್ವಾಸಕೋಶದ ಕಾಯಿಲೆ ಕೆಲಸದ ಸ್ಥಳದ ಧೂಳಿನಿಂದ ಬಂದದ್ದಾದ್ದರಿಂದ ಕಾರ್ಡಿನ ಮೇಲೆ ಚಿಕಿತ್ಸೆ ಕೊಡಲು ಅವಕಾಶವಿಲ್ಲ ಎಂದು ಅದರಲ್ಲಿದೆ. ಗುರುವಾರ ಬಂದದ್ದು ಪರಿಹಾರ ಮಂಡಳಿಯದು. ಅದೇ ಕಾಯಿಲೆ ಕೆಲಸದ ಸ್ಥಳದ ಧೂಳಿನಿಂದ ಬಂದದ್ದೆಂದು ಸಾಬೀತಾಗಿಲ್ಲವಾದ್ದರಿಂದ ಪರಿಹಾರ ಕೊಡಲು ಅವಕಾಶವಿಲ್ಲ ಎಂದು ಅದರಲ್ಲಿದೆ. ಎರಡೂ ವಿಭಾಗಗಳ ಮುಖ್ಯಸ್ಥರು ತಾವೇ. ಎರಡರ ಕೆಳಗೂ ಅದೇ ನೀಲಿ ಶಾಯಿ, ಅದೇ ಬಾಲ ಎಳೆದ ರುಜು.

ನನ್ನ ಪ್ರಶ್ನೆ ಸಣ್ಣದು. ಎರಡರಲ್ಲಿ ಸುಳ್ಳು ಯಾವುದು?

ಈ ಪ್ರಶ್ನೆಯನ್ನು ತಮ್ಮ ಕಚೇರಿಯ ಕಿಟಕಿಯಲ್ಲಿ ಕೊಟ್ಟು, ಮೊಹರು ಒತ್ತಿಸಿಕೊಂಡು ಮನೆಗೆ ಹೋಗಬಹುದಿತ್ತು. ಸಂಘದ ಮನವಿಗಳನ್ನು ಹಾಗೆ ಹನ್ನೊಂದು ಸಲ ಕೊಟ್ಟಿದ್ದೇನೆ. ಹನ್ನೊಂದು ಮೊಹರುಗಳೂ ಜೋಪಾನವಾಗಿವೆ. ತಮ್ಮ ಇಲಾಖೆಯಿಂದ ನನ್ನ ಕೈಗೆ ಅಳಿಸದೆ ಉಳಿದು ಬಂದ ವಸ್ತು ಅದೊಂದೇ ಆದ್ದರಿಂದ ಅದರ ಬಗ್ಗೆ ನನಗೆ ಗೌರವವೂ ಇದೆ. ಆದರೆ ಮೊಹರಿಗೆ ಉತ್ತರ ಕೊಡುವ ಅಭ್ಯಾಸವಿಲ್ಲ. ಈ ಸಲ ನಾಲ್ಕು ಜನ ಓದಲಿ, ಓದಿದವರಲ್ಲಿ ಯಾರಾದರೂ ತಮ್ಮನ್ನು ಕೇಳಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಾವು ನನ್ನನ್ನು ಬಲ್ಲಿರಿ. ಮರೆತಿದ್ದರೆ ನೆನಪಿಸುತ್ತೇನೆ. ನಾನು ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಸೀಟು ಹೊಲಿಯುವವಳು. ಹರಿದ ಸೀಟು ಬಿಚ್ಚಿ, ಒಳಗಿನ ಸ್ಪಂಜು ಬದಲಿಸಿ, ಹೊಸ ರೆಕ್ಸಿನ್ ಹೊಲಿದು ಕೂರಿಸುವುದು ಇಪ್ಪತ್ತಮೂರು ವರ್ಷಗಳಿಂದ ನನ್ನ ಕೆಲಸ. ಸೀಟಿನ ಸಂದಿಯಲ್ಲಿ ಬಾಚಣಿಗೆ, ಕಿವಿಯೋಲೆ, ಬೀಗದ ಕೈ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಕೂಡ ನನಗೆ ಸಿಕ್ಕಿದೆ. ಮಾತಿನಲ್ಲಿ ಚುಚ್ಚುತ್ತೇನೆಂದು ಡಿಪೋದವರು ನನಗಿಟ್ಟ ಹೆಸರು ‘ಸೂಜಿ’. ಆ ಬಾಯಿಯ ದೆಸೆಯಿಂದಲೇ ಕಾರ್ಮಿಕರ ಪ್ರತಿನಿಧಿಯಾದೆ. ಒಂಬತ್ತು ವರ್ಷ ಸಂಘದ ಮನವಿಗಳನ್ನೆಲ್ಲ ಬರೆದ ಕೈ ಇದು. ‘ಅತ್ಯಂತ ವಿನಯಪೂರ್ವಕವಾಗಿ’ ಎಂಬ ಪದವನ್ನು ಎಷ್ಟು ಸಲ ಬರೆದಿದೆಯೋ ಲೆಕ್ಕವಿಲ್ಲ. ಇವತ್ತು ಒಂದು ಸಲವೂ ಬರೆಯುವುದಿಲ್ಲ, ಕ್ಷಮಿಸಿ.

ಭಾವ, ಅಂದರೆ ನನ್ನ ಅಕ್ಕನ ಗಂಡ, ಅದೇ ವರ್ಕ್‌ಶಾಪಿನ ಬ್ರೇಕ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವರು. ಹೊಸದಾಗಿ ಬಂದವರಿಗೆಲ್ಲ ಕೆಲಸ ಕಲಿಸಿದ್ದರಿಂದ ಎಲ್ಲರಿಗೂ ಅವರು ‘ಬ್ರೇಕ್ ಮೇಷ್ಟ್ರು’. ಬಸ್ಸು ಗೇಟಿನೊಳಗೆ ಬರುವಾಗಲೇ ಶಬ್ದ ಕೇಳಿ, “ಹಿಂದಿನ ಎಡಗಡೆ ಚಕ್ರ, ಪಟ್ಟಿ ಸವೆದಿದೆ” ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಚಾಲಕರು ಜಂಬ ಕೊಚ್ಚಿಕೊಂಡಾಗಲೆಲ್ಲ, “ಓಡಿಸೋಕೆ ನೀವು ಬೇಕಾದಷ್ಟು ಜನ ಇದೀರಪ್ಪ, ನಿಲ್ಲಿಸೋರು ನಾವು ಏಳೇ ಜನ” ಎಂದು ಕಾಲೆಳೆಯುವುದು ಅವರ ಪದ್ಧತಿ.

ಆ ಏಳು ಜನರ ಕೆಲಸ ಹೇಗಿರುತ್ತದೆಂದು ತಾವು ನೋಡಿಲ್ಲವಾದ್ದರಿಂದ ಹೇಳಬೇಕು. ಚಕ್ರ ಬಿಚ್ಚಿ, ಅದರ ಹಿಂದಿನ ಬೋಗುಣಿಯಂಥ ಡ್ರಮ್ಮನ್ನು ಕಳಚಿದರೆ ಒಳಗೆ ಬ್ರೇಕಿನ ಪಟ್ಟಿ ಸವೆದು ಉದುರಿದ ಬೂದು ಬಣ್ಣದ ಧೂಳು ತುಂಬಿರುತ್ತದೆ. ಅದನ್ನು ತೆಗೆಯಲು ಇಲಾಖೆ ಕೊಟ್ಟಿರುವುದು ಗಾಳಿಯ ಪೈಪು. ಪೈಪು ಹಿಡಿದು ಒತ್ತಿದರೆ ಧೂಳು ಎದ್ದು ಮುಖಕ್ಕೆ ಬರುತ್ತದೆ. ದಿನಕ್ಕೆ ಹತ್ತು ಹನ್ನೆರಡು ಚಕ್ರ. ಚಾವಣಿಯ ತೂತಿನಿಂದ ಬಿಸಿಲು ಇಳಿದಾಗ ಆ ಧೂಳು ಮಿನುಗುವುದು ನನ್ನ ಹೊಲಿಗೆ ಮಿಷನ್ನಿನ ಹತ್ತಿರದಿಂದಲೂ ಕಾಣುತ್ತಿತ್ತು. ಚೆನ್ನಾಗಿಯೇ ಕಾಣುತ್ತಿತ್ತು, ಸುಳ್ಳೇಕೆ ಹೇಳಲಿ. ಭಾವ ಊಟದ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ತಪ್ಪದೆ ಅದನ್ನು ಒರೆಸುತ್ತಿದ್ದರು. ಡಬ್ಬಿಯನ್ನು ಒರೆಸಿದರು, ಎದೆಯನ್ನು ಒರೆಸುವುದು ಹೇಗೆ?

ಧೂಳು ಎಳೆದುಕೊಳ್ಳುವ ಯಂತ್ರ ಕೊಡಿ ಎಂದು ಮನವಿ ಕೊಟ್ಟೆವು. ‘ಪರಿಶೀಲನೆಯಲ್ಲಿದೆ’ ಎಂದಿರಿ. ಮುಖಕ್ಕೆ ಸರಿಯಾದ ಮಾಸ್ಕ್ ಕೊಡಿ ಎಂದು ಕೇಳಿದೆವು. ಅದೂ ಪರಿಶೀಲನೆಗೆ ಹೋಯಿತು. ನೋಡಿ ನೋಡಿ ಸಾಕಾಗಿ ಸೀಟಿನ ಒಳಪದರಕ್ಕೆ ಹಾಕುವ ಬಟ್ಟೆಯ ಚೂರುಗಳನ್ನು ಜೋಡಿಸಿ, ನಾನೇ ಏಳು ಜನಕ್ಕೂ ಮಾಸ್ಕ್ ಹೊಲಿದುಕೊಟ್ಟೆ. ಎರಡು ದಾರ, ಎರಡು ಮಡಿಕೆ, ಅಷ್ಟೇ. ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣುವಷ್ಟು ತೆಳು. ಭಾವ ಅದನ್ನು ಕಟ್ಟಿಕೊಂಡು, “ನಾದಿನಿ ಹೊಲಿದದ್ದು ಕಣ್ರೋ, ಗಾಳಿ ಕೂಡ ಕೇಳಿಕೊಂಡು ಒಳಗೆ ಬರಬೇಕು” ಎಂದು ಎಲ್ಲರನ್ನೂ ನಗಿಸಿದ್ದರು.

ಈಗ ತಮ್ಮೊಡನೆ ನಾವು ಮಾಡಿಕೊಂಡ ಒಪ್ಪಂದದ ವಿಷಯಕ್ಕೆ ಬರುತ್ತೇನೆ.

ನಾಲ್ಕು ವರ್ಷಗಳ ಹಿಂದೆ ನಮ್ಮ ಸಂಬಳ ಪರಿಷ್ಕರಣೆಯ ವರ್ಷ ಬಂತು. ತಾವು ನಮ್ಮ ಐದು ಜನ ಪ್ರತಿನಿಧಿಗಳನ್ನು ಕಚೇರಿಗೆ ಕರೆಸಿದಿರಿ. ಒಳಗೆ ಹೋದಾಗ ಎದ್ದು ನಿಂತು, “ಕೂತ್ಕೊಳ್ಳಿ ಅಮ್ಮ” ಎಂದಿರಿ. ಅದುವರೆಗೆ ಯಾವ ಅಧಿಕಾರಿಯ ಕೋಣೆಯಲ್ಲೂ ನಾನು ಕೂತವಳಲ್ಲ. ಜನ ಕೂರಲಿ ಎಂದು ಸಾವಿರಾರು ಸೀಟು ಹೊಲಿದವಳಿಗೆ ಒಂದು ಕುರ್ಚಿ ಸಿಕ್ಕಿತಲ್ಲ ಎಂದು ಎದೆ ಉಬ್ಬಿತು. ನಾನು ಬಿದ್ದದ್ದು ಅಲ್ಲೇ. ನನ್ನ ಕನ್ನಡಕದ ಮುರಿದ ಕಾಲಿಗೆ ದಾರ ಸುತ್ತಿದ್ದನ್ನು ನೋಡಿ, “ಕಾರ್ಡು ಬಂದ ಮೇಲೆ ಇದೆಲ್ಲ ನೀವು ಸಹಿಸಿಕೊಳ್ಳಬೇಕಾಗಿಲ್ಲ” ಎಂದಿರಿ. ಆಮೇಲೆ ಯೋಜನೆಯನ್ನು ವಿವರಿಸಿದಿರಿ. ಸರ್ಕಾರದ ಕೈ ಬಿಗಿಯಾಗಿದೆ. ಮೂರು ವರ್ಷ ಸಂಬಳ ಏರಿಕೆ ಕೇಳಬೇಡಿ. ಅದರ ಬದಲಿಗೆ ಪ್ರತಿ ಕುಟುಂಬಕ್ಕೂ ಆರೋಗ್ಯ ಕಾರ್ಡು, ದೊಡ್ಡ ಆಸ್ಪತ್ರೆಯಲ್ಲಿ ಪೂರ್ತಿ ಚಿಕಿತ್ಸೆ. “ತಲೆನೋವಿನಿಂದ ಹಿಡಿದು ಹೃದಯದವರೆಗೆ ನಿಮ್ಮ ಹೊಣೆ ನಮ್ಮದು.” ತಮ್ಮದೇ ಮಾತು. ತಲೆಗೂ ಹೃದಯಕ್ಕೂ ನಡುವೆ ಶ್ವಾಸಕೋಶ ಇದೆಯೆಂದು ನಾನು ತಿಳಿದಿದ್ದೆ. ತಾವು ಬೇರೆ ನಕ್ಷೆ ನೋಡಿದ್ದಿರಬೇಕು.

ಮರುದಿನ ಟೈರುಗಳ ಶೆಡ್ಡಿನಲ್ಲಿ ಸಭೆ ಸೇರಿಸಿದೆ. ಇನ್ನೂರಕ್ಕೂ ಹೆಚ್ಚು ಜನ. ಎಣ್ಣೆ ಡ್ರಮ್ಮಿನ ಮೇಲೆ ಹತ್ತಿ ನಿಂತು ತಮ್ಮ ಮಾತುಗಳನ್ನು ಒಂದೂ ಬಿಡದೆ ಒಪ್ಪಿಸಿದೆ. ನನ್ನದೂ ನಾಲ್ಕು ಸೇರಿಸಿದೆ. ಎದ್ದು ಎದುರು ಮಾತಾಡಿದ್ದು ಒಬ್ಬರೇ, ಭಾವ.

“ಏರಿಕೆ ಅಂದ್ರೆ ತಿಂಗಳಾದ್ರೆ ಕೈಗೆ ಬರುತ್ತೆ. ಕಾರ್ಡು ಅಂದ್ರೆ ಕಾಯಿಲೆ ಬಂದಾಗ ಅವರ ಬಾಗಿಲಿಗೆ ಹೋಗಿ ಕೇಳ್ಬೇಕು. ಆವತ್ತು ಬಾಗಿಲಲ್ಲಿ ಯಾರಿರ್ತಾರೋ, ಏನಂತಾರೋ, ಯಾರಿಗೆ ಗೊತ್ತು?”

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. “ಭಾವ, ನಿಮಗೆ ಎಲ್ಲದಕ್ಕೂ ಬ್ರೇಕ್ ಹಾಕಿಯೇ ಅಭ್ಯಾಸ” ಎಂದೆ. ಇಡೀ ಶೆಡ್ಡು ಗೊಳ್ಳೆಂದು ನಕ್ಕಿತು. ಭಾವನೂ ನಕ್ಕು ಕೂತರು. ಕೈ ಎತ್ತಿ ಎಂದಾಗ ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಆಮೇಲೆ ತಮ್ಮ ಕೈಯನ್ನೂ ಎತ್ತಿದರು. ನಾನು ಗೆದ್ದೆ ಎಂದುಕೊಂಡು ಡ್ರಮ್ಮಿನಿಂದ ಇಳಿದೆ.

ಕಾರ್ಡುಗಳು ಬಂದವು. ಹಸಿರು ಬಣ್ಣ, ಮೂಲೆಯಲ್ಲಿ ನಗುತ್ತಿರುವ ಒಂದು ಕುಟುಂಬ. ಕಣ್ಣಿನ ಕಾಯಿಲೆ ಕಾರ್ಡಿನಲ್ಲಿ ಬರುತ್ತದೆ, ಕನ್ನಡಕ ಬರುವುದಿಲ್ಲ ಎಂದು ಮೊದಲ ತಿಂಗಳೇ ತಿಳಿಯಿತು. ಇರಲಿ, ದೊಡ್ಡದಕ್ಕೆ ಆಗುತ್ತದಲ್ಲ ಎಂದು ಜನಕ್ಕೆ ಸಮಾಧಾನ ಹೇಳಿದವಳೂ ನಾನೇ. ಇತ್ತ ಸಂಬಳ ನಿಂತಲ್ಲೇ ನಿಂತಿತು, ಅಂಗಡಿಯ ಬೆಲೆಗಳು ನಿಲ್ಲಲಿಲ್ಲ. ಮೊದಲು ಸಂಬಳದಲ್ಲಿ ತಿಂಗಳ ಸಾಮಾನೂ ಮಕ್ಕಳ ಚಪ್ಪಲಿಯೂ ಬರುತ್ತಿದ್ದವು. ಆಮೇಲೆ ಸಾಮಾನು ಮಾತ್ರ. ಆಮೇಲೆ ಸಾಮಾನಿನ ಚೀಟಿಯಲ್ಲೂ ಕೆಳಗಿನ ಸಾಲುಗಳಿಗೆ ಗೀಟು ಎಳೆಯಬೇಕಾಯಿತು. ನನ್ನ ಕಣ್ಣು ಇನ್ನಷ್ಟು ಮಂಜಾಗಿ ಸೂಜಿ ಬೆರಳಿಗೆ ಚುಚ್ಚತೊಡಗಿತು. ಮೂರು ವರ್ಷ ಮುಗಿದ ದಿನ ಏರಿಕೆಯ ಆದೇಶ ಬರುತ್ತದೆಂದು ಕಾದರೆ, ‘ಹಳೆಯ ಸಂಬಳವೇ ಮುಂದಿನ ಆದೇಶದವರೆಗೆ’ ಎಂಬ ಸುತ್ತೋಲೆ ಬಂತು. ನಮ್ಮ ಸಂಬಳಕ್ಕೆ ತಾವು ಹಾಕಿದ ಬ್ರೇಕು ಮಾತ್ರ ಒಂದಿಷ್ಟೂ ಜಾರದೆ ಹಿಡಿದಿದೆ.

ಹೋದ ವರ್ಷ ಭಾವನಿಗೆ ಕೆಮ್ಮು ಶುರುವಾಯಿತು. ಒಣ ಕೆಮ್ಮು. ಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬ್ರೇಕ್ ವಿಭಾಗದಲ್ಲಿ ಕೆಮ್ಮದವರು ಯಾರು? ಆಮೇಲೆ ಗೇಟಿನಿಂದ ವಿಭಾಗದವರೆಗೆ ನಡೆಯುವಷ್ಟರಲ್ಲಿ ಎರಡು ಕಡೆ ನಿಲ್ಲತೊಡಗಿದರು. ನಿಂತದ್ದು ಕಾಣಬಾರದೆಂದು ಒಂದು ಕಡೆ ಚಪ್ಪಲಿ ಸರಿಮಾಡಿಕೊಳ್ಳುವರು, ಇನ್ನೊಂದು ಕಡೆ ನೋಟೀಸ್ ಬೋರ್ಡು ಓದುವರು. ಆ ಬೋರ್ಡಿನಲ್ಲಿ ಆರು ತಿಂಗಳಿಂದ ಒಂದೇ ನೋಟೀಸು ಇದ್ದುದರಿಂದ ನನಗೆ ಅನುಮಾನ ಬಂತು. ನಾನೂ ಅಕ್ಕನೂ ಹಟ ಮಾಡಿ ಕಾರ್ಡು ಹಿಡಿದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಕಿಟಕಿಯ ಗುಮಾಸ್ತ ನಮೂನೆ ತುಂಬಿಸುತ್ತಾ, “ಹೊಗೆಯ ಸಂಪರ್ಕ ಇದೆಯಾ?” ಎಂದು ಕೇಳಿದರು.

“ಬಸ್ ಡಿಪೋದಲ್ಲಿ ಹೊಗೆ ಇರದೆ ಇರುತ್ತಾ ಸ್ವಾಮಿ?” ಎಂದರು ಭಾವ.

ಗುಮಾಸ್ತ ‘ಹೌದು’ ಎಂದು ಗುರುತು ಹಾಕಿಕೊಂಡರು. ಜನ್ಮದಲ್ಲಿ ಬೀಡಿ ಸಿಗರೇಟು ಮುಟ್ಟದ ನನ್ನ ಭಾವ ಆ ಒಂದು ಗುರುತಿನಲ್ಲಿ ಧೂಮಪಾನಿಯಾದರು. ನಮಗೆ ಅದು ಗೊತ್ತಾದದ್ದು ತಮ್ಮ ಗುರುವಾರದ ಪತ್ರ ಓದಿದಾಗ.

ಒಳಗಿದ್ದ ವೈದ್ಯೆ ಒಳ್ಳೆಯವರು. ಎಕ್ಸ್‌ರೇ ಆಯಿತು, ಸ್ಕ್ಯಾನ್ ಆಯಿತು, ಕೊಳವೆಗೆ ಬಾಯಿಟ್ಟು ಊದುವ ಪರೀಕ್ಷೆಯಾಯಿತು. ಸ್ಕ್ಯಾನಿನ ಚಿತ್ರವನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ, “ನಿಮ್ಮದು ಏನು ಕೆಲಸ?” ಎಂದು ಕೇಳಿದರು. ಭಾವ ಹೇಳಿದರು. ಅವರು ಪೆನ್ನು ಕೆಳಗಿಟ್ಟು, “ಎಷ್ಟು ವರ್ಷ?” ಎಂದರು. ಮೂವತ್ತೊಂದು ಎಂದಾಗ ಮತ್ತೊಮ್ಮೆ ಆ ಚಿತ್ರದ ಕಡೆ ತಿರುಗಿದರು. ಶ್ವಾಸಕೋಶ ಒಳಗೊಳಗೇ ಗಟ್ಟಿಯಾಗಿದೆ. ಅದನ್ನು ಹಿಂದಕ್ಕೆ ತರಲಾಗುವುದಿಲ್ಲ. ಆದರೆ ಔಷಧ ಕೊಟ್ಟು ನಿಧಾನಿಸಬಹುದು. ಮನೆಯಲ್ಲಿ ಆಕ್ಸಿಜನ್ ಮಿಷನ್ ಇಟ್ಟುಕೊಂಡರೆ ಸುಧಾರಿಸಿಕೊಂಡು ಬದುಕಬಹುದು ಎಂದು ಬಿಡಿಸಿ ಹೇಳಿದರು. ವರದಿಯ ಕೊನೆಗೆ ‘ಕೆಲಸದ ಸ್ಥಳದ ಧೂಳಿನಿಂದ ಉಂಟಾದದ್ದು’ ಎಂದು ಬರೆದರು. ಸತ್ಯ ಬರೆದರು ಪಾಪ. ಸತ್ಯ ಬರೆದರೆ ರೋಗಿಗೆ ಅನುಕೂಲವಾಗುತ್ತದೆಂದು ನಂಬಿದ್ದರು.

ಆ ಒಂದು ಸಾಲು ಸೋಮವಾರದ ಪತ್ರವಾಗಿ ನಮ್ಮ ಬಾಗಿಲಿಗೆ ಬಂತು. ‘ಕೆಲಸದಿಂದ ಬಂದ ಕಾಯಿಲೆಗಳು ಕಾರ್ಡಿನ ವ್ಯಾಪ್ತಿಗೆ ಬರುವುದಿಲ್ಲ.’ ಮಾನ್ಯರೇ, ತಾವು ಕಾರ್ಡು ಕೊಟ್ಟದ್ದು ಕೆಲಸಗಾರರಿಗೆ. ಬೆಳಗ್ಗೆ ಗೇಟಿನೊಳಗೆ ಹೋದರೆ ಸಂಜೆ ಹೊರಗೆ ಬರುವ ಜನಕ್ಕೆ ಕೆಲಸದಿಂದಲ್ಲದೆ ಬೇರೆಲ್ಲಿಂದ ಕಾಯಿಲೆ ಬರಬೇಕಿತ್ತು? ವಿಹಾರಕ್ಕೆ ಹೋದಲ್ಲಿ ಬರಬೇಕಿತ್ತೇ? ಈ ನಿಯಮವನ್ನು ಆ ದಿನ ಕುರ್ಚಿಯಲ್ಲಿ ಕೂರಿಸಿದಾಗ ಯಾಕೆ ಹೇಳಲಿಲ್ಲ?

ವೈದ್ಯೆಯ ವರದಿ ಇಟ್ಟು ಪರಿಹಾರ ಮಂಡಳಿಗೂ ಅರ್ಜಿ ಹಾಕಿದ್ದೆವು; ಆಸ್ಪತ್ರೆಯ ನಮೂನೆಯನ್ನು ಮಂಡಳಿಯವರೇ ತರಿಸಿಕೊಂಡರು. ಅಲ್ಲಿಂದ ಬಂದ ಗುರುವಾರದ ಪತ್ರ ಇದಕ್ಕಿಂತ ಘನವಾದದ್ದು. ‘ಹೊಗೆಯ ಸಂಪರ್ಕವಿರುವುದನ್ನು ಅರ್ಜಿದಾರರೇ ಒಪ್ಪಿರುತ್ತಾರೆ’ ಎಂಬುದು ಅದರ ಮೊದಲ ಕಾರಣ. ಎರಡನೆಯ ಕಾರಣವನ್ನು ನಾನು ಎರಡೆರಡು ಸಲ ಓದಿದೆ: ‘ಬ್ರೇಕ್ ವಿಭಾಗದ ಸಿಬ್ಬಂದಿಗೆ ರಕ್ಷಣಾ ಮಾಸ್ಕ್‌ಗಳನ್ನು ಒದಗಿಸಲಾಗಿದ್ದು, ಧೂಳಿಗೆ ಒಡ್ಡಿಕೊಂಡಿರುವ ಸಾಧ್ಯತೆ ಕಂಡುಬರುವುದಿಲ್ಲ.’ ಯಾರು ಒದಗಿಸಿದ್ದು ಸ್ವಾಮಿ? ಅವು ನಾನು ಹೊಲಿದ ಮಾಸ್ಕುಗಳು. ಸೀಟಿನ ಚೂರು ಬಟ್ಟೆ. ಊಟದ ಬಿಡುವಿನಲ್ಲಿ ಕೂತು ಹೊಲಿದದ್ದು. ತಮ್ಮ ತನಿಖಾಧಿಕಾರಿ ಬಂದಾಗ ಅವು ಗೂಟಕ್ಕೆ ನೇತಾಡುತ್ತಿದ್ದವು. ಎಣಿಸಿ ಬರೆದುಕೊಂಡು ಹೋದರು. ನನ್ನ ಭಾವನನ್ನು ಕಾಪಾಡಲೆಂದು ಹೊಲಿದದ್ದನ್ನು ನನ್ನ ಭಾವನ ವಿರುದ್ಧದ ಸಾಕ್ಷಿ ಮಾಡಿದಿರಿ. ಈ ಜಾಣತನ ನಮ್ಮ ಡಿಪೋದಲ್ಲಿ ಯಾರಿಗೂ ಇಲ್ಲ. ಸಂಬಳ ಏರುವುದು ಯಾರದು, ಏರದಿರುವುದು ಯಾರದು ಎಂದು ಈಗ ಅರ್ಥವಾಗುತ್ತಿದೆ.

ಎರಡೂ ಪತ್ರ ಹಿಡಿದು ವೈದ್ಯೆಯ ಬಳಿ ಹೋದೆವು. ಅವರು ಓದಿ ತಲೆ ತಗ್ಗಿಸಿ, “ನಾನು ಆ ಸಾಲು ಬರೀದೆ ಇದ್ದಿದ್ರೆ ಕಾರ್ಡ್ ನಡೀತಿತ್ತೇನೋ” ಎಂದರು. ಭಾವ ಅವರಿಗೇ ಸಮಾಧಾನ ಹೇಳಿದರು: “ಇಲ್ಲಮ್ಮ, ನೀವು ಇದ್ದದ್ದನ್ನ ಬರೆದ್ರಿ. ನೀವೊಬ್ಬರೇ ಬರೆದದ್ದು.”

ಮನೆಯಲ್ಲಿ ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಶಾಲೆಯೊಂದರಲ್ಲಿ ಕಸ ಗುಡಿಸುವವಳು, ಹದಿನಾರು ಕೋಣೆ ಗುಡಿಸಿ ಬಂದು, ಭಾವನ ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿ, ನನ್ನ ಕಡೆ ತಿರುಗಿ, “ನಿಮ್ಮ ಸಾಹೇಬ್ರು ಏನಂದ್ರು?” ಎಂದು ಕೇಳುತ್ತಿದ್ದಳು. ದಿನವೂ ಅದೊಂದೇ ಪ್ರಶ್ನೆ. ನಿಮ್ಮ ಸಾಹೇಬ್ರು. ನಾನು ತಮ್ಮ ಕಡೆಯವಳಾಗಿ ಯಾವಾಗ ಸೇರಿಹೋದೆ ಎಂದು ಯೋಚಿಸಿದರೆ, ಎಣ್ಣೆ ಡ್ರಮ್ಮಿನ ಮೇಲೆ ಹತ್ತಿದ ದಿನವೇ ಎಂದು ನನಗೇ ಉತ್ತರ ಹೊಳೆಯುತ್ತಿತ್ತು.

ಒಂದು ಮಧ್ಯಾಹ್ನ ಅಕ್ಕ ಇಲ್ಲದಾಗ ಭಾವನನ್ನು ಕೇಳಿಯೇಬಿಟ್ಟೆ. “ನಿಮಗೆ ಒಪ್ಪಿಗೆ ಇರಲಿಲ್ಲ. ಮತ್ಯಾಕೆ ಕೈ ಎತ್ತಿದ್ರಿ?”

ಅವರು ಉಸಿರು ಕೂಡಿಸಿಕೊಂಡು, ಐದು ಕಂತಿನಲ್ಲಿ ಹೇಳಿದರು. “ನಾನು ಎತ್ತದೆ ಇದ್ದಿದ್ರೆ... ನಮ್ಮ ವಿಭಾಗದವರು ಯಾರೂ ಎತ್ತುತಿರಲಿಲ್ಲ. ಅವರನ್ನ ನೋಡಿ... ಟೈರಿನವರೂ ಎತ್ತುತಿರಲಿಲ್ಲ. ನೀನು ಅಷ್ಟು ಜನರ ಮುಂದೆ... ಡ್ರಮ್ಮಿನ ಮೇಲೆ ಸೋತು ನಿಂತಿರೋದು ನೋಡೋಕೆ... ನನ್ನ ಕೈಲಿ ಆಗ್ಲಿಲ್ಲ ಕಣೇ.”

ಮಾನ್ಯರೇ, ತಾವು ನನಗೆ ಒಂದು ಕುರ್ಚಿ ಕೊಟ್ಟಿರಿ. ನಾನು ಅದಕ್ಕೆ ಬದಲಾಗಿ ಕೊಟ್ಟದ್ದು ಭಾವ ಎತ್ತಿದ ಆ ಕೈಯನ್ನು.

ಮರುದಿನವೇ ತಮ್ಮ ಕಚೇರಿಗೆ ಬಂದೆ. ತಮ್ಮ ಆಪ್ತ ಸಹಾಯಕರು ಎರಡೂ ಪತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. “ಇವು ಬೇರೆ ಬೇರೆ ಫೈಲು ಅಮ್ಮ” ಎಂದರು.

“ಫೈಲು ಎರಡಿರಬಹುದು. ಸಾಹೇಬರು ಒಬ್ಬರೇ ಅಲ್ವಾ?”

“ಒಬ್ಬರೇ. ಆದ್ರೆ ಇದನ್ನ ನೋಡುವಾಗ ಅವರು ಕಾರ್ಡ್ ವಿಭಾಗದ ಮುಖ್ಯಸ್ಥರು. ಅದನ್ನ ನೋಡುವಾಗ ಮಂಡಳಿಯ ಅಧ್ಯಕ್ಷರು.”

“ನಮ್ಮ ಭಾವನಿಗೆ ಎದೆ ಒಂದೇ ಇರೋದು ಸ್ವಾಮಿ. ಇಬ್ಬರು ಸಾಹೇಬರಿಗೂ ಬೇರೆ ಬೇರೆ ತೋರಿಸೋಕಾಗಲ್ಲ” ಎಂದೆ. ಅವರು ನಗಲಿಲ್ಲ. ಈ ಸಲ ಯಾರೂ ಕೂರಿ ಎನ್ನಲೂ ಇಲ್ಲ. ಮೂರು ಗಂಟೆ ನಿಂತಿದ್ದೆ. ತಾವು ಹೊರಗೆ ಬಂದಿರಿ. ನಾನು ಪತ್ರ ಎತ್ತಿ ಹಿಡಿದೆ. ತಾವು ನನ್ನನ್ನು ಗುರುತಿಸಿದಿರಿ. ಅದು ತಮ್ಮ ಕಣ್ಣಲ್ಲೇ ಕಂಡಿತು. “ಏನಮ್ಮ, ಚೆನ್ನಾಗಿದೀರಾ?” ಎಂದು ಕೇಳಿ ಲಿಫ್ಟಿನೊಳಗೆ ಹೋದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತು. ತಾವು ನನ್ನನ್ನು ಗುರುತಿಸದೇ ಹೋಗಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಡಿಪೋಗೆ ಹಿಂತಿರುಗಿ ಅದೇ ಶೆಡ್ಡಿನಲ್ಲಿ ಸಭೆ ಕರೆದೆ. ಡ್ರಮ್ಮು ಹತ್ತಲಿಲ್ಲ, ನೆಲದ ಮೇಲೆ ನಿಂತೆ. ಎರಡೂ ಪತ್ರ ಓದಿದೆ. “ನಿಮ್ಮ ಮೂರು ವರ್ಷ ಹಾಳಾದದ್ದು ನನ್ನ ಮಾತಿನಿಂದ. ಇನ್ನು ನಾನು ಪ್ರತಿನಿಧಿಯಾಗಿರುವುದಿಲ್ಲ” ಎಂದೆ. ಅಳಬಾರದೆಂದುಕೊಂಡಿದ್ದೆ, ಆಗಲಿಲ್ಲ. ಟೈರ್ ವಿಭಾಗದ ಹಿರಿಯರು, “ನೀನು ಸುಳ್ಳು ಹೇಳ್ಲಿಲ್ಲ ತಂಗಿ, ನಿನ್ನ ಬಾಯಲ್ಲಿ ಹೇಳಿಸಿದ್ರು” ಎಂದರು. ಬಣ್ಣದ ವಿಭಾಗದ ಹೆಂಗಸು ಅಷ್ಟು ಮೃದುವಾಗಿರಲಿಲ್ಲ. “ನಿನ್ನ ಕಣ್ಣೀರು ಇಟ್ಕೊಂಡು ನಾನೇನು ಮಾಡ್ಲಿ? ನನಗೆ ನನ್ನ ಮೂರು ವರ್ಷ ಬೇಕು” ಎಂದು ಎದ್ದು ಹೋದಳು. ಇಬ್ಬರ ಮಾತೂ ನಿಜ. ಆದರೂ ಆ ಸಂಜೆ ಭಾವನಿಗೆ ಬಾಡಿಗೆಯ ಆಕ್ಸಿಜನ್ ಮಿಷನ್ ತರಲು ಚಂದಾ ಪೆಟ್ಟಿಗೆ ಇಟ್ಟಾಗ ಮೊದಲು ದುಡ್ಡು ಹಾಕಿದವಳು ಅವಳೇ. ಇಂದಿಗೂ ಭಾವ ಉಸಿರಾಡುತ್ತಿರುವುದು ಆ ಪೆಟ್ಟಿಗೆಯಿಂದ. ತಮ್ಮ ಹಸಿರು ಕಾರ್ಡಿನಿಂದಲ್ಲ.

ಸಭೆ ಮುಗಿದ ಮೇಲೆ ಬ್ರೇಕ್ ವಿಭಾಗದ ಉಳಿದ ಆರು ಜನ ಒಂದು ಕೆಲಸ ಮಾಡಿದರು. ನನ್ನನ್ನು ಕೇಳಲಿಲ್ಲ, ಕೇಳಬೇಕಾದ ಅಗತ್ಯವೂ ಈಗ ಇಲ್ಲ. ಗಾಳಿಯ ಪೈಪುಗಳನ್ನು ಸುತ್ತಿ ವ್ಯವಸ್ಥಾಪಕರ ಮೇಜಿನ ಮೇಲಿಟ್ಟು, ಧೂಳು ಎಳೆಯುವ ಯಂತ್ರವೂ ಸರಿಯಾದ ಮಾಸ್ಕೂ ಬರುವವರೆಗೆ ಚಕ್ರದ ಡ್ರಮ್ಮು ಬಿಚ್ಚುವುದಿಲ್ಲ ಎಂದು ಹೇಳಿ ಬಂದರು. ಬ್ರೇಕ್ ನೋಡದ ಬಸ್ಸನ್ನು ರಸ್ತೆಗೆ ಬಿಡಲು ಚಾಲಕರು ಒಪ್ಪಲಿಲ್ಲ. ಅಂಗಳದಲ್ಲಿ ಬಸ್ಸುಗಳು ಸಾಲುಗಟ್ಟಿದವು. ನಮ್ಮ ಹನ್ನೊಂದು ಮನವಿಗಳಿಗೆ ಬಾರದ ಉತ್ತರ ಆರು ಜನಕ್ಕೆ ಎರಡೇ ದಿನದಲ್ಲಿ ಬಂತು. ಕರ್ತವ್ಯಲೋಪದ ನೋಟೀಸು, ತಮ್ಮದೇ ರುಜು. ತಮ್ಮ ಇಲಾಖೆ ಇಷ್ಟು ಬೇಗ ಕೆಲಸ ಮಾಡಬಲ್ಲದೆಂದು ಮೊದಲೇ ಗೊತ್ತಿದ್ದರೆ ನಾವು ಮನವಿಯ ಭಾಷೆಯನ್ನೇ ಬದಲಿಸುತ್ತಿದ್ದೆವು.

ಈಗ ಬೇಡಿಕೆ. ಆ ಆರು ಜನರ ನೋಟೀಸನ್ನು ಹಿಂದಕ್ಕೆ ತೆಗೆದುಕೊಳ್ಳಿ; ಅವರು ಕರ್ತವ್ಯ ಬಿಟ್ಟಿಲ್ಲ, ತಾವು ಬಿಟ್ಟ ಕರ್ತವ್ಯವನ್ನು ತೋರಿಸಿದ್ದಾರೆ. ಅವರೆಲ್ಲರ ಎದೆಯ ಪರೀಕ್ಷೆ ಮಾಡಿಸಿ, ವರದಿಯನ್ನು ಅವರ ಕೈಗೇ ಕೊಡಿ. ಯಂತ್ರ ಪರಿಶೀಲನೆಯಿಂದ ಹೊರಬಂದು ವರ್ಕ್‌ಶಾಪಿಗೆ ಬರಲಿ. ಮುಂದಿನ ಆದೇಶದವರೆಗೆ ಎಂದು ನಿಲ್ಲಿಸಿದ ಸಂಬಳದ ಮುಂದಿನ ಆದೇಶ ಯಾವ ದಿನ ಎಂದು ತಾರೀಖು ಹಾಕಿ ತಿಳಿಸಿ. ಮತ್ತು ಭಾವನ ಎರಡು ಪತ್ರಗಳಲ್ಲಿ ಒಂದನ್ನು ತಾವೇ ಹರಿದುಹಾಕಿ. ಯಾವುದನ್ನಾದರೂ ಸರಿ. ಸೋಮವಾರದ್ದು ಸುಳ್ಳಾದರೆ ಚಿಕಿತ್ಸೆ ಕೊಡಿ, ಗುರುವಾರದ್ದು ಸುಳ್ಳಾದರೆ ಪರಿಹಾರ ಕೊಡಿ. ಎರಡೂ ನಿಜವೆಂದು ಮಾತ್ರ ಇನ್ನೊಂದು ಸಲ ರುಜು ಹಾಕಬೇಡಿ.

ಈ ಪತ್ರವನ್ನು ಕಳಿಸುವ ಮೊದಲು ಭಾವನಿಗೆ ಓದಿ ಹೇಳಿದೆ. ಅಕ್ಕ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು. ಭಾವ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂತೇನೋ ಎಂದುಕೊಂಡೆ. ಮುಗಿದ ಮೇಲೆ ಮೂಗಿನ ನಳಿಕೆ ಸರಿಮಾಡಿಕೊಂಡು, “ಒಂದು ಮಾತು ಬಿಟ್ಟಿದೀಯ” ಎಂದರು.

“ಏನು ಭಾವ?”

“ನಾನು ಬದುಕಿದೀನಿ ಅಂತ... ದಪ್ಪ ಅಕ್ಷರದಲ್ಲಿ ಬರಿ. ಸತ್ತೋನಿಗಾದ್ರೆ... ಎರಡು ನಿಮಿಷ ಎದ್ದು ನಿಂತು ಮುಗಿಸಿಬಿಡ್ತಾರೆ. ಬದುಕಿರೋನಿಗೆ... ಉತ್ತರ ಕೊಡಬೇಕಾಗುತ್ತೆ.”

ಅಕ್ಕ ಒಳಗೆ ಹೋಗಿ ಲಕೋಟೆ ತಂದು ನನ್ನ ಕೈಗಿಟ್ಟಳು. “ಇವತ್ತೇ ಹಾಕು” ಎಂದಳು. ಬಹಳ ದಿನಗಳ ಮೇಲೆ ಅವಳು ತಮ್ಮ ಹೆಸರೆತ್ತದೆ ನನ್ನೊಡನೆ ಆಡಿದ ಮಾತು ಅದು.

ಆದ್ದರಿಂದ ಬರೆಯುತ್ತಿದ್ದೇನೆ, ಮಾನ್ಯರೇ. ಅವರು ಬದುಕಿದ್ದಾರೆ. ದಯವಿಟ್ಟು ಬೇಗ.

ಇಂತಿ,
ಒಂದು ಸಲ ತಮ್ಮೆದುರಿನ ಕುರ್ಚಿಯಲ್ಲಿ ಕೂತು ಮೋಸಹೋದ,
ಈಗ ಯಾರ ಪ್ರತಿನಿಧಿಯೂ ಅಲ್ಲದ,
ಸೀಟು ಹೊಲಿಯುವ ಹೆಂಗಸು